ಬೇರೆ ಕಂಪನಿಯ ಮೆಷಿನ್‌ಗೆ ಮಾತ್ರ

ನಾನೂ ಮಗಳೂ ಜೊತೆಯಾಗಿ ಎರಡು ಭಾಗ ಆಡಿದ ವಿಡಿಯೋ ಗೇಮಿನ ಮೂರನೇ ಭಾಗ ಬೇರೆ ಕಂಪನಿಯ ಮೆಷಿನ್‌ಗೆ ಮಾತ್ರವಂತೆ. ಸುದ್ದಿ ಓದಿ ಮೈಯೆಲ್ಲ ಉರಿಯಿತು.

ನಾನು ಚಿಕ್ಕವಳಿದ್ದಾಗಲೂ ಹೀಗೇ ಆಗಿತ್ತು. ಅಪ್ಪ ಬಾಳ್ಳುಪೇಟೆಯಿಂದ ತಂದ ಕಾರ್ ರೇಸಿನ ಕ್ಯಾಸೆಟ್ ನಮ್ಮ ಟಿವಿ ಗೇಮಿಗೆ ಕೂರಲಿಲ್ಲ. ಏನೇ ಕೆಟ್ಟರೂ ತಾವೇ ಸರಿಮಾಡುವ ಅಪ್ಪ ಅರದಿಂದ ಅದರ ಅಂಚು ಉಜ್ಜಿದರು. ಪ್ಲಾಸ್ಟಿಕ್ಕಿನ ಪುಡಿ ಅವರ ಪಂಚೆಯ ಮೇಲೆಲ್ಲ ಉದುರಿತು. ಕ್ಯಾಸೆಟ್ ಕೂತಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು.

ಮರುದಿನ ಇಬ್ಬರೂ ಅದನ್ನು ಕೊಂಡ ಅಂಗಡಿಗೆ ಹೋದೆವು.

"ಅದು ಬೇರೆ ಕಂಪ್ನಿ ಮಿಷಿನ್ನಿಂದು ಕಣ್ರೀ. ಬೇಕಂತ್ಲೇ ಹಂಗೆ ಮಾಡವ್ರೆ," ಎಂದ ಅಂಗಡಿಯವ.

ಎಂದೂ ದನಿಯೇರಿಸದ ಅಪ್ಪ ಕಿರುಚಿದರು: "ಮಕ್ಳಾಟಕ್ಕೂ ಬೇಲಿ ಹಾಕ್ಬುಟ್ರಾ? ಈ ಮಗೀಗೆ ಏನಂತ ಹೇಳ್ಲಯ್ಯ?"

ಇವತ್ತು ಮೂರನೇ ಭಾಗದ ಸುದ್ದಿ ಹೇಳಿದ್ದಕ್ಕೆ ಮಗಳು ನನ್ನ ಮೇಲೆ ಕೂಗಾಡಿ ರೂಮಿನ ಬಾಗಿಲು ದಡಾರನೆ ಹಾಕಿಕೊಂಡಳು. ಬೈಸಿಕೊಳ್ಳಬೇಕಾದವರು ಆಗಲೂ ಎದುರಿಗಿರಲಿಲ್ಲ, ಈಗಲೂ ಇಲ್ಲ.