ಕೈಯಿಂದ ನಡೆದ ಹತ್ತು ಸಾವಿರ ಹೆಜ್ಜೆ

ನಡೆಯುವುದು ನನ್ನ ಸ್ವಭಾವದಲ್ಲೇ ಇಲ್ಲ. ಶಂಕರನಾರಾಯಣದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದೆ. ಮಕ್ಕಳು ಚಿತ್ರ ಬರೆದು ನನ್ನ ಮೇಜಿಗೆ ತರುತ್ತಿದ್ದರು, ನಾನು ಮೇಜಿನಿಂದ ಮಕ್ಕಳ ಬಳಿಗೆ ಹೋದದ್ದು ಕಡಿಮೆ. ನಿವೃತ್ತನಾದ ಮೇಲೆ ತಲ್ಲೂರಿನ ಮನೆಯಲ್ಲಿ ಆ ಮೇಜೂ ಇಲ್ಲದ್ದರಿಂದ ಆರಾಮಕುರ್ಚಿಯೊಂದೇ ಗತಿಯಾಯಿತು. ಸಕ್ಕರೆ ಕಾಯಿಲೆ ನನ್ನನ್ನು ಹುಡುಕಿಕೊಂಡು ಬಂದಾಗಲೂ ನಾನು ಕೂತೇ ಇದ್ದೆ.

ಡಾಕ್ಟರು ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೆಯಬೇಕೆಂದರು. ಹೊರಗೆ ನಡೆಯೋಣವೆಂದರೆ ನಮ್ಮ ಮನೆ ಹೆದ್ದಾರಿಗೆ ಅಂಟಿಕೊಂಡಿದೆ. ಲಾರಿಗಳ ಜೊತೆಗೆ ವ್ಯಾಯಾಮ ಮಾಡುವಷ್ಟು ಜೀವನದ ಮೇಲೆ ಬೇಸರ ನನಗಿನ್ನೂ ಬಂದಿಲ್ಲ. ಹಾಗಾಗಿ ಮನೆಯೊಳಗೇ, ಊಟದ ಮೇಜಿಗೆ ಪ್ರದಕ್ಷಿಣೆ. ಲೆಕ್ಕ ಇಡುವುದಕ್ಕೆ ನನ್ನ ಫೋನಿಗೆ ಆಪ್ ಹಾಕಿಕೊಟ್ಟವರು ಮಾಬ್ಲ ಭಾವ, ನನ್ನ ಹೆಂಡತಿ ಗಿರಿಜೆಯ ಅಣ್ಣ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ, ಈಗ ಬೈಂದೂರಿನ ಹತ್ತಿರ ಯಡ್ತರೆಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅವರಿಗೂ ಸಕ್ಕರೆ ಕಾಯಿಲೆ, ಅದೂ ನನ್ನದಕ್ಕಿಂತ ಹತ್ತು ವರ್ಷ ಹಿರಿಯದು.

"ಇದ್ರಲ್ಲ್ ನಿಮ್ಮ್ ಹೆಜ್ಜಿ ನಂಗೆ ಕಾಣತ್, ನನ್ನ್ ಹೆಜ್ಜಿ ನಿಮ್ಗೆ ಕಾಣತ್. ಇನ್ನ್ ಯಾರೂ ಕದ್ ಕೂಕಂಬುಕಿಲ್ಲ," ಎಂದರು ಭಾವ, ನಾನು ಕದ್ದು ಕೂರುವ ದಾರಿಯನ್ನೂ ಮುಚ್ಚುತ್ತ.

ಹಿಂದಿನವರ ಅಳತೆಗಳೆಲ್ಲ ಎಷ್ಟು ಉದಾರವಾಗಿದ್ದವು ನೋಡಿ. ಗೇಣು, ಮೊಳ, ಮಾರು ಎಲ್ಲ ಅವರವರ ಮೈಯಲ್ಲೇ ಇದ್ದವು. ದೂರ ಕೇಳಿದರೆ 'ಒಂದು ಕೂಗಳತೆ' ಎನ್ನುತ್ತಿದ್ದರು, ಗಂಟಲು ದೊಡ್ಡದಾದವನಿಗೆ ಊರೆಲ್ಲ ಹತ್ತಿರ. ಸಪ್ತಪದಿಯಲ್ಲಿ ಬರೀ ಏಳು ಹೆಜ್ಜೆಗೆ ಒಂದು ಸಂಸಾರವೇ ಕಟ್ಟಿಕೊಳ್ಳುತ್ತದೆ. ಈ ಆಪ್‌ಗೆ ಮಾತ್ರ ಎಂಟು ಸಾವಿರ ಬೇಕು. ಏಳು ಸಾವಿರದ ಒಂಬೈನೂರಕ್ಕೆ ನಿಂತರೂ 'ಗುರಿ ತಲುಪಿಲ್ಲ' ಎಂದು ಮುಖ ಸಿಂಡರಿಸುತ್ತದೆ. ನಾನು ಹೆಚ್ಚಾಗಿ ಎರಡು ಸಾವಿರಕ್ಕೇ ನಿಲ್ಲುತ್ತಿದ್ದೆ.

ಭಾವನದು ಎಂದೂ ಒಂಬತ್ತು ಸಾವಿರಕ್ಕೆ ಕಮ್ಮಿಯಿಲ್ಲ. ಸಂಜೆಯಾದರೆ ಸಾಕು, ಅವರ ಧ್ವನಿ ಸಂದೇಶ ಬರುತ್ತಿತ್ತು: "ಹ್ವಾಯ್ ಮಾಸ್ಟ್ರೇ, ನಿಮ್ದ್ ಎಂತ ಕಥಿ? ಕುರ್ಚಿಗೆ ಗಮ್ ಹಾಕಿ ಕೂತದ್ದಾ?" ಗಿರಿಜೆ ಅದನ್ನು ಎರಡೆರಡು ಸಲ ಹಾಕಿ ಕೇಳುತ್ತಿದ್ದಳು.

ಒಂದು ದಿನ ಸೊಳ್ಳೆ ಓಡಿಸುತ್ತ ಕೂತಿದ್ದಾಗ ನನಗೆ ಜ್ಞಾನೋದಯವಾಯಿತು. ಫೋನು ಹಿಡಿದ ಕೈಯನ್ನು ಹಿಂದೆ ಮುಂದೆ ಬೀಸಿದರೆ ಆಪ್ ಅದನ್ನೂ ಹೆಜ್ಜೆ ಎಂದೇ ಬರೆದುಕೊಳ್ಳುತ್ತಿತ್ತು! ಮರುದಿನ ಆರಾಮಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಬೀಸತೊಡಗಿದೆ. ಗಿರಿಜೆ ಅಡುಗೆಮನೆಯಿಂದ ಇಣುಕಿ, "ಎಂತ, ಕೈಗೆ ವಾತ ಹಿಡಿತಾ?" ಎಂದಳು. ನಾನು ಲೆಕ್ಕ ತಪ್ಪುವುದೆಂದು ಉತ್ತರಿಸಲಿಲ್ಲ. ಸಂಜೆಯ ಹೊತ್ತಿಗೆ ಹತ್ತು ಸಾವಿರ ದಾಟಿತು. ಭಾವನಿಗೆ ನಾನೇ ಸಂದೇಶ ಕಳಿಸಿದೆ: "ಎಂತ ಭಾವ, ಯಡ್ತರೆಯಲ್ಲ್ ಹೆಜ್ಜಿ ತುಟ್ಟಿಯಾಯ್ತಾ?"

ಮರುದಿನ ಅವರದು ಹದಿಮೂರು ಸಾವಿರ. ಅದರ ಮರುದಿನ ಹದಿನೈದು. ನನ್ನ ಭುಜ ನೋಯುತ್ತಿತ್ತು, ಆದರೂ ಬಿಡಲಿಲ್ಲ. ಆ ಭಾನುವಾರ ನೋಡಿದರೆ ಭಾವನ ಹೆಸರಿನ ಮುಂದೆ ಸೊನ್ನೆ. ಸಂಜೆಯವರೆಗೂ ಸೊನ್ನೆಯೇ. ಗೆದ್ದೆನೆಂಬ ಸಂಭ್ರಮದಲ್ಲಿ, ನನಗೆ ನಿಷಿದ್ಧವಾದ ಬನ್ಸು ಎರಡು ತಿಂದೆ.

ಸೋಮವಾರ ಮಧ್ಯಾಹ್ನ ಅವರದು ಮೂವತ್ತೆಂಟು ಹೆಜ್ಜೆ. ನಗುತ್ತ ಗಿರಿಜೆಗೆ ತೋರಿಸಿದೆ. ಅವಳು ನಗಲಿಲ್ಲ.

"ಅಣ್ಣಯ್ಯ ಹಲ್ಲ್ ತಿಕ್ಕುಕೇ ಇನ್ನೂರ್ ಹೆಜ್ಜಿ ತಿರ್ಗ್ತ. ಅತ್ಗಿ ಬೇರೆ ಮಗಳ ಬಾಣಂತನಕ್ಕೆ ಮುಂಬೈಗ್ ಹೋಯಿರ್. ಮೂವತ್ತೆಂಟ್ ಅಂದ್ರೆ ಎಂತದೋ ಆಯಿತ್. ಫೋನ್ ಮಾಡಿ ಕಾಣಿ."

ಮಾಡಿದೆ. ಮೂರು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. "ಅಂಗಿ ಹಾಯ್ಕಣಿ, ಹೋಪ," ಎಂದು ಅವಳು ಆಗಲೇ ಬಾಗಿಲಿಗೆ ಬೀಗ ಹುಡುಕುತ್ತಿದ್ದಳು. ಬೈಂದೂರು ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಆ ಬನ್ಸು ನನ್ನ ಎದೆಯಲ್ಲೇ ಕೂತಿತ್ತು.

ಭಾವ ಚಾವಡಿಯ ಮಂಚದ ಮೇಲೆ ಜ್ವರದಲ್ಲಿ ಮಲಗಿದ್ದರು. ನಮ್ಮನ್ನು ಕಂಡು ಏಳಲು ನೋಡಿದರು. "ಎಂತ ಇಲ್ಲ ಮಾರಾಯ್ರೆ. ಅಂಗಾಲಿಗೆ ಸಣ್ಣ್ ಬೊಕ್ಕಿ. ನೋವೇ ಇಲ್ಲ. ಫಿಕರ್ ಮಾಡ್ಬೇಡಿ."

ಗಿರಿಜೆ ಹೊದಿಕೆ ಸರಿಸಿದಳು. ಬಲಗಾಲು ಊದಿ ಹೊಳೆಯುತ್ತಿತ್ತು. ಅಂಗಾಲಿನ ಚರ್ಮ ಸುಲಿದು ಕೀವಾಗಿತ್ತು. ಹದಿನೈದು ಸಾವಿರ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಬರಿಗಾಲಲ್ಲಿ ನಡೆದರೆ ಒಳ್ಳೆಯದೆಂದು ಯಾವುದೋ ವಿಡಿಯೋದಲ್ಲಿ ನೋಡಿ, ಹನ್ನೊಂದು ಗಂಟೆಯ ಬಿಸಿಲಲ್ಲಿ ತಾರಸಿಯ ಮೇಲೆ ಸುತ್ತು ಹಾಕಿದ್ದರು. ಸಿಮೆಂಟು ಕಾಲನ್ನು ಸುಡುತ್ತಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ.

ಅದೇ ಸಂಜೆ ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಗಾಯ ತೊಳೆಯುತ್ತ ಹೇಳಿದರು: "ನೋವಿಲ್ಲ ಅಂತ ಖುಷಿಪಡಬೇಡಿ. ಈ ಕಾಯಿಲೆಯಲ್ಲಿ ಕಾಲು ಸುಟ್ಟರೂ ನಿಮಗೆ ಸುದ್ದಿ ಬರುವುದಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು. ಈಗಲೂ ನೋಡಬೇಕು."

ಆ 'ನೋಡಬೇಕು' ನಾಲ್ಕು ದಿನ ನಮ್ಮನ್ನು ಅಲ್ಲಾಡಿಸಿತು. ಆಸ್ಪತ್ರೆಯ ಮಂಚದ ಬಳಿ ಕೂತು ನಾನು ಆ ಕಾಲಿನ ಬೆರಳುಗಳನ್ನು ದಿನಾ ಎಣಿಸುತ್ತಿದ್ದೆ. ಐದನೆಯ ದಿನ ಡಾಕ್ಟರು ಬೆರಳಿಗೆ ಅಪಾಯವಿಲ್ಲ ಎಂದಾಗ ನನ್ನಿಂದ ತಡೆಯಲಾಗಲಿಲ್ಲ.

"ಭಾವ, ಆ ಹತ್ ಸಾವ್ರ ಸುಳ್ಳ್. ನಾನ್ ನಡುದ್ದಲ್ಲ. ಕುರ್ಚಿಯಲ್ಲ್ ಕೂಕಂಡ್ ಕೈ ಬೀಸದ್ದ್. ನಿಮ್ಮ್ ಕಾಲ್ ಹೀಂಗಾಪುಕೆ ನಾನೇ ಕಾರಣ."

ಭಾವ ತಿರುಗುವ ಫ್ಯಾನನ್ನೇ ನೋಡುತ್ತ ಮಲಗಿದ್ದರು. ಬೈಗುಳ ಬರುವುದಿದ್ದರೆ ಬೇಗ ಬರಲಿ ಎಂದು ನಾನು ತಲೆ ತಗ್ಗಿಸಿದೆ.

"ಎಷ್ಟ್ ಹೊತ್ ಬೀಸಿದ್ರಿ?" ಎಂದು ಕೇಳಿದರು.

"ಎರಡ್ ಗಂಟಿ."

"ಎರಡ್ ಗಂಟಿಯಾ! ಅಷ್ಟ್ ಹೊತ್ತಿಗೆ ನಡುದೇ ಮುಗಿಸ್ಲಕ್ಕಿತ್ತಲೆ ಮಾರಾಯ್ರೆ!"

ನಕ್ಕರು ನೋಡಿ, ಮಂಚ ಕುಲುಕುವಂತೆ. ನರ್ಸು ಓಡಿ ಬಂದು ಇಬ್ಬರನ್ನೂ ಗದರಿಸಿದರು. ಆಕೆ ಹೋದ ಮೇಲೆ ಭಾವ ಮೆತ್ತಗೆ ಹೇಳಿದರು: "ನೀವ್ ಹತ್ ಸಾವ್ರ ನಡುದ್ರಿ ಅಂದ್ರೆ ನಾನ್ ನಂಬ್ತ್ನಾ? ಸುಳ್ಳಂದ್ಹೇಳಿ ಗೊತ್ತಿತ್. ಆದ್ರೂ ಸೋಲುಕೆ ಮನ್ಸ್ ಬರ್ಲಿಲ್ಲ. ಬಿಸ್ಲಿಗೆ ಬರಿಗಾಲಲ್ಲ್ ನಡೀನಿ ಅಂದ್ಹೇಳಿ ನೀವ್ ಹೇಳದ್ದಲ್ಲ, ಅದ್ ನನ್ನ್ ಹಠ. ಮತ್ತೆ, ಆ ಆಪ್ ಇಲ್ದಿದ್ರೆ ನಾನ್ ಬಿದ್ಕಂಡದ್ ನಿಮ್ಗೆ ಗೊತ್ತೇ ಆತಿತ್ತಿಲ್ಲ." ಅವರು ಕ್ಷಮಿಸಿದರು. ಆದರೂ ಮನೆಗೆ ಬಂದವನೇ ಆರಾಮಕುರ್ಚಿಯನ್ನು ಒಂದು ವಾರ ಮಡಚಿ ಇಟ್ಟಿದ್ದೆ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಬಿಡುಗಡೆಯ ದಿನ ಡಾಕ್ಟರು ನಮ್ಮಿಬ್ಬರಿಗೂ ಹೊಸ ವ್ಯಾಯಾಮ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು. ಹಾಗಾಗಿ ಈಗ ದಿನಾ ಏಳು ಗಂಟೆಗೆ ಭಾವನ ಫೋನು ಬರುತ್ತದೆ: "ಹ್ವಾಯ್, ಅಂಗಾಲ್ ಕಂಡ್ರ್ಯಾ?" ಮಂಚದ ಮೇಲೆ ಕಾಲೆತ್ತಿ, ಗಡ್ಡ ಬೋಳಿಸುವ ಕನ್ನಡಿ ಹಿಡಿದು, ಇಬ್ಬರು ಮುದುಕರು ವರದಿ ಒಪ್ಪಿಸುತ್ತೇವೆ. ಚಿಕ್ಕಂದಿನಿಂದ ಎಷ್ಟೋ ಹಿರಿಯರ ಕಾಲಿಗೆ ಬಿದ್ದಿದ್ದೇನೆ. ಮಕ್ಕಳಿಗೆ ಪಾದದ ಚಿತ್ರ ಬರೆಯುವುದನ್ನು ಕಲಿಸಿದ್ದೇನೆ. ಆದರೆ ಇಷ್ಟು ವರ್ಷ ನನ್ನನ್ನು ಹೊತ್ತ ಅಂಗಾಲುಗಳನ್ನು ಒಮ್ಮೆಯೂ ಕಣ್ಣಿಟ್ಟು ನೋಡಿದವನಲ್ಲ. ನಿನ್ನೆ ನೋಡಿದರೆ ಎಡ ಹಿಮ್ಮಡಿಯ ಹತ್ತಿರ ಒಂದು ಮಚ್ಚೆ. ಗಾಬರಿಯಿಂದ ಗಿರಿಜೆಗೆ ತೋರಿಸಿದೆ. "ಅದ್ ಹುಟ್ಟಿದ್ ಮಚ್ಚಿ. ಮದಿಯಾದಾಗ್ಲೇ ನಾನ್ ಕಂಡಿದೆ," ಎಂದಳು. ಭಾವನಿಗೂ ವರದಿ ಮಾಡಿದೆ.

"ಅಂಗಾಲಲ್ಲ್ ಮಚ್ಚಿ ಇಪ್ಪವ್ರ್ ಊರೂರ್ ತಿರ್ಗ್ತ್ರ್ ಅಂಬ್ರ್," ಎಂದರು ಭಾವ. "ಅರವತ್ಮೂರ್ ವರ್ಷ ಅದ್ನ್ ಕುರ್ಚಿಯಲ್ಲ್ ಕೂರ್ಸಿ ಇಟ್ಕಂಡ್ರಲೆ! ಹೊಸ ಚರ್ಮ ಇನ್ನೂ ಮೆತ್ತಗಿತ್, ನಂಗಂತೂ ಈಗ ಅಂಗಳ ದಾಟುಕಿಲ್ಲ. ನೀವಾರೂ ಈ ಬದಿಗ್ ಬನ್ನಿ ಕಾಂಬ."

ಎಂಟು ಗಂಟೆಗೆ ಬೈಂದೂರಿನ ಬಸ್ಸಿತ್ತು. ಚಪ್ಪಲಿ ಮೆಟ್ಟಿದೆ.