ಹ್ಯಾನಾ ಮಲಗುತ್ತಿದ್ದ ಕೋಣೆ

ಇಲ್ಲಿ ಟಿವಿಡೇಲ್ ಅನ್ನೋ ಊರಿನ ದೇವಸ್ಥಾನದಲ್ಲಿ ಸಿಗೋ ಗೆಳತಿಯರಿಗೆ ಹೇಳಿದರೆ ನಗ್ತಾರೆ. ನಗಲಿ. ಹೋದ ನವೆಂಬರಿನಲ್ಲಿ ಇದು ನಡೆದದ್ದು ನನ್ನ ಕಣ್ಣೆದುರಿಗೇ... ಜ್ವರ ಇರಲಿಲ್ಲ, ನಿದ್ದೆಗಣ್ಣೂ ಅಲ್ಲ.

ನಾನು, ನನ್ನ ಗಂಡ ಶ್ರೀಧರ, ಇಬ್ಬರೂ ಶೆಫೀಲ್ಡಿನಲ್ಲಿ ಡಾಕ್ಟರು. ಅವನಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತ್ತು. "ಮೊದಲು ನಾನು ಹೋಗ್ತೀನಿ. ಮನೆ ಮಾಡಿ ನಿನ್ನ ಕರೆಸ್ಕೋತೀನಿ" ಅಂತಿದ್ದ. ಬಿಟ್ಟು ಹೋಗಬೇಡ ಅಂತ ಎಷ್ಟು ಹೇಳಿದರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಜಗಳ ಮರೆಯೋಣ ಅಂತ ಡರ್ಬಿಶೈರ್ ಗುಡ್ಡದ ಮೇಲಿನ ಒಂದು ಹಳೇ ಫಾರ್ಮ್‌ಹೌಸಿಗೆ ಹೋದೆವು.

ಮನೆಯೊಡತಿ ಮಾರ್ಗರೆಟ್, ವಯಸ್ಸಾದವರು. ನಮ್ಮ ಕೋಣೆಯ ಗೋಡೆ ಮೇಲೆ ಒಂದು ಹಳೇ ಫೋಟೋ. ಅಗಲ ಟೋಪಿಯ ಗಡ್ಡದವನು, ಪಕ್ಕದಲ್ಲಿ ಹೆಂಡತಿ, ಸುತ್ತ ಮಕ್ಕಳು, ಹಿಂದೆ ಕಣ್ಣು ಹಾಯುವಷ್ಟು ದೂರ ದನಗಳು.

"ನಮ್ಮಜ್ಜನ ಚಿಕ್ಕಪ್ಪ ಜೋಸೆಫ್" ಅಂದರು ಮಾರ್ಗರೆಟ್. "ಹುಟ್ಟಿದ್ದು ಈ ಮನೆಯಲ್ಲೇ. ಅಮೆರಿಕದ ವಯೋಮಿಂಗ್‌ನಲ್ಲಿ ಬರೀ ಹುಲ್ಲು, ಗಾಳಿ ಇದ್ದ ಕಾಲಕ್ಕೆ ಹೋಗಿ ದನ ಸಾಕಿದ. ಮೊದಲ ಚಳಿಗಾಲ ಮಣ್ಣಿನ ಗುಡಿಸಲಲ್ಲಿ ಕಳೆದ. ಅರ್ಧ ಹಿಂಡು ಹಿಮದಲ್ಲೇ ಸತ್ತುಹೋಯ್ತಂತೆ. ಆಮೇಲೆ ದನ ಮೇಯೋ ದೊಡ್ಡ ರ‍್ಯಾಂಚ್, ದೊಡ್ಡ ಮನೆ..."

"ಇವರು ಅವರ ಹೆಂಡತಿನಾ?"

ಮಾರ್ಗರೆಟ್ ದನಿ ತಗ್ಗಿಸಿದರು. "ಎರಡನೆಯವಳು. ಮೊದಲನೆಯವಳು ಹ್ಯಾನಾ. ಮನೆ ಕಟ್ಟಿದ ಮೇಲೆ ಕರೆಸ್ಕೋತೀನಿ ಅಂತ ಇಲ್ಲೇ ಬಿಟ್ಟು ಹೋಗಿದ್ದ. ಮನೆಯೇನೋ ಕಟ್ಟಿದ... ಅವಳನ್ನ ಕರೆಸಲಿಲ್ಲ. ಅತ್ತೆಯ ಸೇವೆ ಮಾಡ್ಕೊಂಡು, ಗಂಡನ ಹೊಸ ಸಂಸಾರದ ಈ ಫೋಟೋ ನೋಡ್ಕೊಂಡೇ ಮುದುಕಿಯಾದಳು. ಅವಳು ಮಲಗ್ತಿದ್ದದ್ದು ಈ ಕೋಣೆಯಲ್ಲೇ."

ನಾನು ಶ್ರೀಧರನ ಕಡೆ ನೋಡಿದೆ. ಅವನು ಫೋನ್ ನೋಡ್ತಿದ್ದ.

ರಾತ್ರಿ ಎಚ್ಚರವಾದದ್ದು ವಾಸನೆಗೆ. ಒದ್ದೆ ಉಣ್ಣೆ, ಹುಳಿತ ಹಾಲು...

ಮಂಚ ಕಿರ್ ಅಂತು. ಹಾಸಿಗೆಯ ನಡುಭಾಗ ಮೆಲ್ಲಗೆ ತಗ್ಗಿತು. ಶ್ರೀಧರ ಮಗ್ಗುಲಾದ ಅಂದ್ಕೊಂಡೆ. ಆದರೆ ಅವನು ಆ ಅಂಚಿನಲ್ಲಿದ್ದ, ನಾನು ಈ ಅಂಚಿನಲ್ಲಿ. ನಡುವೆ ಹೊದಿಕೆ ಉಸಿರಾಟಕ್ಕೆ ಏಳ್ತಿತ್ತು, ಇಳೀತಿತ್ತು.

ಪಿಸುಮಾತು ಕೇಳಿಸಿತು. ಹೆಂಗಸಿನ ದನಿ. ಶ್ರೀಧರ ನಿದ್ದೆಯಲ್ಲೇ "ಹ್ಞೂಂ... ಹ್ಞೂಂ..." ಅಂದ. ಚಾಚಿದ ಅವನ ಕೈ, ಕಾಣದ ಇನ್ನೊಂದು ಕೈಯನ್ನ ಹಿಡಿದ ಹಾಗೆ ಮಡಚಿಕೊಂಡಿತ್ತು. ನನ್ನ ಕೈ ಅವನು ಹಾಗೆ ಹಿಡಿದು ಎಷ್ಟು ಕಾಲವಾಗಿತ್ತೋ. ನಿಜ ಹೇಳಬೇಕಂದ್ರೆ, ಹೆದರಿಕೆಗಿಂತ ಮೊದಲು ಹೊಟ್ಟೆಕಿಚ್ಚಾಯ್ತು. ಅವನನ್ನ ಎಬ್ಬಿಸಲಿಲ್ಲ. ಬೆಳಕು ಹರಿಯೋವರೆಗೆ ಹಾಗೇ ಬಿದ್ದಿದ್ದೆ.

ಬೆಳಗ್ಗೆ ಅವನು ಕಾಫಿ ಕಲಕ್ತಾ ಕೇಳಿದ, "ರಾತ್ರಿ ಯಾಕೆ ಇಂಗ್ಲಿಷಲ್ಲಿ ಮಾತಾಡ್ತಿದ್ದೆ?"

"ಏನಂದೆ ನಾನು?"

"ನನ್ನ ಯಾವಾಗ ಕರೆಸ್ಕೋತೀಯ ಅಂತ ಕೇಳ್ತಾನೇ ಇದ್ದೆ. ಅಳ್ತಿದ್ದೆ."

"ನೀನೇನಂದೆ?"

"ಎಲ್ಲೂ ಹೋಗಲ್ಲ, ನಿನ್ನ ಬಿಟ್ಟು ಎಲ್ಲೂ ಹೋಗಲ್ಲ ಅಂದೆ." ನಕ್ಕ. "ಮಾತು ಕೊಟ್ಟಾಯ್ತಲ್ಲ. ಕೆನಡಾ ಬೇಡ ಬಿಡು."

ಅದು ನಾನಲ್ಲ ಅಂತ ಅವನಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ನಾನು ಎಷ್ಟು ಬೇಡಿದರೂ ಸಿಗದ ಮಾತು ಅವಳಿಗೆ ಒಂದೇ ರಾತ್ರಿಗೆ ಸಿಕ್ಕಿತ್ತು.

ಶ್ರೀಧರ ಕೆನಡಾ ಬಿಟ್ಟ ಅಂತ ಕೇಳಿ, ನೀನು ಅದೃಷ್ಟವಂತೆ ಕಣೇ ಅಂತಾರೆ ಗೆಳತಿಯರು. ಈಗ ಶೆಫೀಲ್ಡಿನ ಬ್ರೂಮ್‌ಹಿಲ್‌ನ ನಮ್ಮ ಮನೆಯಲ್ಲೂ ಶ್ರೀಧರ ಮಂಚದ ಅಂಚಿಗೇ ಮಲಗ್ತಾನೆ, ನಡುವೆ ಜಾಗ ಬಿಟ್ಟು. ಮೊನ್ನೆ ಆ ಜಾಗಕ್ಕೆ ನಾನು ಜರುಗಿದೆ.

ನಿದ್ದೆಯಲ್ಲೇ, ತುಂಬ ಮೆಲ್ಲಗೆ, ನನ್ನನ್ನ ಈಚೆ ತಳ್ಳಿದ...