ಯಾನ್ಬುವಿನ ದಂಡೆಯ ಕಲ್ಲುಗಳು

ನನ್ನ ಗಂಡನಿಗೆ ಎಲ್ಲ ದುಃಖಕ್ಕೂ ಗೊತ್ತಿರುವ ಮದ್ದು ಒಂದೇ, ಪಿಕ್‌ನಿಕ್. ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಸೌದಿಗೆ ಬಂದ, ನನ್ನನ್ನು ಹೆತ್ತ ಉಮ್ಮ ಊಟ ಬಿಟ್ಟು ಮಂಕಾಗಿ ಕೂತದ್ದನ್ನು ಕಂಡು, ಶುಕ್ರವಾರ ಎಲ್ಲರನ್ನೂ ಕಾರಿಗೆ ತುಂಬಿ ಕಡಲ ದಂಡೆಗೆ ಹೊರಡಿಸಿದರು. ಬಿರಿಯಾನಿ, ಚಾಪೆ, ಫ್ಲಾಸ್ಕ್ ಎಲ್ಲ ಇತ್ತು. ಉಮ್ಮ ಕೇಳಿದ್ದು ಮಾತ್ರ ಇರಲಿಲ್ಲ.

ಉಮ್ಮ ಬಂದದ್ದು ಅಣ್ಣನ ಕಬರ್ ನೋಡಲು. ಕಳೆದ ವರ್ಷ ಇಲ್ಲಿ ಕೆಲಸದ ಜಾಗದಲ್ಲಿ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಇಲ್ಲಿಯೇ ದಫನ ಮಾಡಿದೆವು. ಕಬರಸ್ತಾನದೊಳಗೆ ಹೆಂಗಸರನ್ನು ಬಿಡುವುದಿಲ್ಲ, ಕಬರಿನ ತಲೆಗೊಂದು ಕಲ್ಲಿದ್ದರೂ ಅದರ ಮೇಲೆ ಹೆಸರಿರುವುದಿಲ್ಲ. ಫೋನಿನಲ್ಲೇ ಹೇಳಿದ್ದೆವು. ಉಮ್ಮ ನಂಬದೆ ಬಂದಳು, ಗೇಟಿನಿಂದಲೇ ವಾಪಸಾದಳು.

ದಂಡೆಯ ಪಕ್ಕದ ಮೈದಾನದಲ್ಲಿ, ಇಲ್ಲೇ ಕೆಲಸಕ್ಕಿರುವ ನನ್ನ ತಮ್ಮನ ತಂಡದ ವಾಲಿಬಾಲ್ ಪಂದ್ಯವಿತ್ತು. ಮೊದಲು ಅಣ್ಣನೇ ಲಿಫ್ಟರ್. ಬಲೆಯ ಬುಡದಲ್ಲಿ ನಿಂತು ಬೇರೆಯವರು ಹೊಡೆಯಲೆಂದು ಚೆಂಡು ಎತ್ತಿಕೊಡುವ ಕೆಲಸ. ಈಗ ಆ ಜಾಗದಲ್ಲಿ ತಮ್ಮ. ಚೆಂಡು ಎಲ್ಲಿ ಹೋದರೂ ಉಮ್ಮನ ಕಣ್ಣು ಆ ಜಾಗ ಬಿಡಲಿಲ್ಲ.

“ಅವನು ಅಲ್ಲೇ ನಿಲ್ಲುತ್ತಿದ್ದದ್ದಾ?”

“ಹೌದು ಉಮ್ಮ.”

ತಮ್ಮ ಸುಲಭದ ಚೆಂಡೊಂದನ್ನು ಬಿಟ್ಟ. “ಎಂತ ಮಾರಾಯ, ನಿದ್ದೆಯಾ?” ಎಂದು ಅವನ ತಂಡದವನೊಬ್ಬ ಬೈದ. ನನಗೆ ಮೈಯೆಲ್ಲ ಉರಿಯಿತು. ತಮ್ಮ ನೋಡುತ್ತಿದ್ದದ್ದು ಉಮ್ಮನನ್ನು.

ಪಂದ್ಯ ಮುಗಿದ ಮೇಲೆ ದಂಡೆಯುದ್ದಕ್ಕೂ ಇಟ್ಟಿರುವ ಶಿಲ್ಪಗಳನ್ನು ನೋಡುತ್ತಾ ನಡೆದೆವು. ಬಳೆಗಳ ಹಾಗೆ ಒಂದರೊಳಗೊಂದು ಹೆಣೆದ ಕಬ್ಬಿಣದ ಶಿಲ್ಪದ ಎದುರು ನನ್ನ ಮಗಳು ನಾನಾ ಭಂಗಿಯಲ್ಲಿ ಫೋಟೋ ತೆಗೆಸಿಕೊಂಡಳು. ಅದರಾಚೆ ಹುಲ್ಲಿನ ಮೇಲೆ ಯಾರೋ ಕಲಾವಿದರು ನೆಟ್ಟ ಬಿಳಿ ಕಲ್ಲುಗಳ ಸಾಲು. ಒಂದು ಅಕ್ಷರವೂ ಇಲ್ಲದ ಬೋಳು ಕಲ್ಲುಗಳು.

ಉಮ್ಮ ಅಲ್ಲಿ ನಿಂತುಬಿಟ್ಟಳು. ಚಪ್ಪಲಿ ಕಳಚಿ, ತಲೆಯ ಶಾಲು ಸರಿಮಾಡಿಕೊಂಡು, ಕಬರಿನಲ್ಲಿ ಮಲಗಿದವರಿಗೆ ಹೇಳುವ ಸಲಾಂ ಹೇಳಿದಳು. ಆಮೇಲೆ ಎರಡೂ ಕೈ ಎತ್ತಿ ದುಆ ಶುರುಮಾಡಿದಳು. ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದವರು ತಿರುಗಿ ನೋಡಿದರು. ಮಗಳು ಇಂಗ್ಲಿಷಿನಲ್ಲಿ ಏನೋ ಹೇಳಹೊರಟಾಗ ನಾನು ಅವಳ ಕೈ ಹಿಚುಕಿದೆ.

ಬೆವರು ಒರೆಸಿಕೊಳ್ಳುತ್ತಾ ಹಿಂದಿನಿಂದ ಬಂದ ತಮ್ಮ ಮೆಲ್ಲಗೆ ಹೇಳಿದ: “ಉಮ್ಮಾ, ಇದು ಕಬರಸ್ತಾನ ಅಲ್ಲ. ಚಂದಕ್ಕೆ ಇಟ್ಟ ಕಲ್ಲು.”

“ಗೊತ್ತುಂಟು ಮಗಾ,” ಎಂದಳು ಉಮ್ಮ, ಎತ್ತಿದ ಕೈ ಇಳಿಸದೆ. “ಅಲ್ಲಿಗೆ ನನ್ನನ್ನು ಬಿಡುವುದಿಲ್ಲವಲ್ಲ. ನಾನು ಎಲ್ಲಾದರೂ ಒಂದು ಕಡೆ ನಿಂತು ಅವನಿಗೆ ಸಲಾಂ ಹೇಳಬೇಡವಾ?”